ಮೊದಲು ಬಾಯಿ ಬಿಗಿ: ಎಚ್‌ಐವಿ ಇರುವವರ ಪಕ್ಕ ನಿಲ್ಲುವವರಿಗೆ

ನಿಮ್ಮ ತಂಗಿ, ಪಕ್ಕದ ಮನೆ ಹುಡುಗ, ಸ್ತ್ರೀಶಕ್ತಿ ಸಂಘದ ಹೆಂಗಸು, ಫ್ಯಾಕ್ಟರಿಯಲ್ಲಿ ಪಕ್ಕದ ಮೆಷಿನ್ನಿನವರು, ಯಾರೋ ಒಬ್ಬರು ‘ನಂಗೆ ಎಚ್‌ಐವಿ ಇದೆ’ ಎಂದು ನಿಮ್ಮ ಹತ್ತಿರ ಹೇಳಿಕೊಂಡಿದ್ದಾರೆ. ಈ ಬರಹ ಅವರಿಗಲ್ಲ, ನಿಮಗೆ. ಅವರಿಗೆ ಬೇಕಾದ್ದನ್ನು ಐಸಿಟಿಸಿಯ (ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಕೇಂದ್ರ) ಆಪ್ತ ಸಮಾಲೋಚಕರು ಕೂರಿಸಿಕೊಂಡು ಹೇಳುತ್ತಾರೆ. ಪಕ್ಕದಲ್ಲಿ ನಿಲ್ಲುವವರಿಗೆ ಹೇಳಿಕೊಡುವವರು ಕಡಿಮೆ. ಹಾಗಾಗಿ ಒಳ್ಳೆಯ ಮನಸ್ಸಿನವರ ಕೈಯಲ್ಲೇ ಕೆಲಸ ಹೆಚ್ಚು ಕೆಡುತ್ತದೆ.

ಕೆಡುವ ರೀತಿ ಸಾಮಾನ್ಯವಾಗಿ ಒಂದೇ. ‘ಪಾಪ, ಅವಳಿಗೆ ಏನಾದ್ರೂ ಮಾಡ್ಕೊಡಿ’ ಎಂದು ಪಂಚಾಯಿತಿ ಸದಸ್ಯರ ಹತ್ತಿರ ಹೇಳುತ್ತೀರಿ. ಅವರು ಏನೆಂದು ಕೇಳುತ್ತಾರೆ. ನೀವು ದನಿ ತಗ್ಗಿಸಿ ಹೇಳುತ್ತೀರಿ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಊರಿಗೆಲ್ಲ ಸುದ್ದಿ. ಅಲ್ಲಿಂದಾಚೆಗೆ ಯಾವ ಕಾಯ್ದೆ, ಯಾವ ಅಧಿಕಾರಿ ಬಂದರೂ ಆ ಸುದ್ದಿಯನ್ನು ವಾಪಸು ತರಲಾಗದು. ಆದ್ದರಿಂದ ಮುಂದೆ ಬರುವ ಪ್ರತಿ ಕೆಲಸಕ್ಕೂ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರಿಂದ ಹೊಸದಾಗಿ ಯಾರಿಗೆ ಗೊತ್ತಾಗುತ್ತದೆ? ಅದಕ್ಕೆ ಅವರು ಹೂಂ ಅಂದಿದ್ದಾರಾ?

ಇದು ಬರೀ ಸಭ್ಯತೆಯ ಮಾತಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಂಬಿ ಹೇಳಿದ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು ಎಂದು ಅದರ ಸೆಕ್ಷನ್ 8 ಹೇಳುತ್ತದೆ. ಡಾಕ್ಟರಿಗೆ ಮಾತ್ರವಲ್ಲ, ನಿಮಗೂ ಅದು ಅನ್ವಯಿಸುತ್ತದೆ.

ಮೊದಲ ಮಾತು

‘ಹೇಗೆ ಬಂತು?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಸಿಕ್ಕರೂ ನೀವು ಅದರಿಂದ ಮಾಡುವಂಥದ್ದು ಏನೂ ಇಲ್ಲ. ಕೇಳಬೇಕಾದ್ದು ಬೇರೆ: ಮಾತ್ರೆ ಶುರುವಾಗಿದೆಯಾ, ಇನ್ನು ಯಾರ್ಯಾರಿಗೆ ಗೊತ್ತು, ನಾನು ಏನು ಮಾಡಲಿ, ಏನು ಮಾಡಬಾರದು. ಈ ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ‘ನಮ್ಮತ್ತೆ ಹತ್ರ ಮಾತಾಡ್ಬೇಡಿ ಅಕ್ಕ’ ಎಂದು ಅವರು ಹೇಳಿದರೆ, ಅತ್ತೆ ಎಷ್ಟೇ ಒಳ್ಳೆಯವರಾಗಿ ಕಂಡರೂ ಮಾತಾಡಬೇಡಿ. ಯಾರು ಹೇಗೆ ತಿರುಗಿಬೀಳುತ್ತಾರೆ ಎಂಬುದು ಆ ಮನೆಯೊಳಗೆ ಇರುವವರಿಗೇ ಗೊತ್ತು.

ರಿಪೋರ್ಟ್ ಬಂದ ಮೊದಲ ಒಂದೆರಡು ವಾರ ನಾಜೂಕು. ಮಾತು ಕಡಿಮೆಯಾದರೆ, ‘ಮಕ್ಕಳನ್ನ ನೋಡ್ಕೋ’ ಎಂಬ ಥರದ ಮಾತು ಬಂದರೆ, ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ ಬೇರೆ ಕಡೆ ಸಾಗಿಸಿ ಬೀಗ ಹಾಕಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿಯದೇ ಸಹಾಯವಾಣಿ 1097. ಅಲ್ಲಿಗೆ ಕರೆ ಮಾಡಲು ಹೆಸರು, ಊರು ಹೇಳಬೇಕಿಲ್ಲ. ಅವರ ಪರವಾಗಿ ನೀವೇ ಮಾಡಿ ಕೇಳಬಹುದು.

ವಾದಕ್ಕೆ ನಿಲ್ಲುವಷ್ಟು ವಿಷಯ

ಎಚ್‌ಐವಿ ಹರಡುವ ದಾರಿಗಳು ನಾಲ್ಕೇ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರಿಗೆ ಬಳಸಿದ ಸೂಜಿ, ಚಿಕಿತ್ಸೆ ಇಲ್ಲದ ತಾಯಿಯಿಂದ ಮಗುವಿಗೆ. ಎಂಜಲು, ಬೆವರು, ಕೆಮ್ಮು, ಸೊಳ್ಳೆ, ಒಂದೇ ಬಚ್ಚಲು, ಒಂದೇ ತಟ್ಟೆಯ ಮುದ್ದೆ, ಇವುಗಳಿಂದ ಬರುವುದಿಲ್ಲ.

ಇದಿಷ್ಟು ಗೋಡೆ ಮೇಲೆ ಬರೆದದ್ದನ್ನು ಎಲ್ಲರೂ ಓದಿದ್ದಾರೆ. ಓದದೇ ಇರುವುದು ಮುಂದಿನದು. ಈಗ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆ ದಿನಕ್ಕೆ ಒಂದೇ; ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದು ಗುಳಿಗೆ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಇಳಿಯುತ್ತದೆ. ವೈರಸ್ ಎಷ್ಟಿದೆ ಎಂದು ಎಣಿಸುವ ವೈರಲ್ ಲೋಡ್ ಪರೀಕ್ಷೆಯನ್ನು ಮಾತ್ರೆ ಶುರು ಮಾಡಿದ 6 ತಿಂಗಳಿಗೆ, ಮತ್ತೆ 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡುತ್ತಾರೆ. ಹಾಗೆ ಎಣಿಕೆಗೆ ಸಿಗದೆ ಉಳಿದಿರುವವರೆಗೆ ಲೈಂಗಿಕ ಸಂಪರ್ಕದಿಂದಲೂ ಸಂಗಾತಿಗೆ ಸೋಂಕು ದಾಟುವುದಿಲ್ಲ. ಗಂಡನಿಗೆ ಇದ್ದು ಹೆಂಡತಿಗೆ ಇಲ್ಲದ, ಹೆಂಡತಿಗೆ ಇದ್ದು ಮಗುವಿಗೆ ಇಲ್ಲದ ಸಂಸಾರಗಳು ಈಗ ಅಪರೂಪವಲ್ಲ, ಅದಕ್ಕೆ ಕಾರಣ ಇದೇ.

ಮಾತ್ರೆಯ ವಿಷಯದಲ್ಲಿ ಆಗುವ ಒಂದು ಎಡವಟ್ಟು ಹೇಳಲೇಬೇಕು. ಡೊಲುಟೆಗ್ರಾವಿರ್ ಜೊತೆಗೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಒಟ್ಟಿಗೇ ಹೋದರೆ ಅದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನೂ ಇದನ್ನೂ ರಾತ್ರಿ ಊಟವಾದ ಮೇಲೆ ಒಟ್ಟಿಗೇ ನುಂಗುವ ಬಸುರಿಯರಿದ್ದಾರೆ. ಎಆರ್‌ಟಿ ಮಾತ್ರೆಯನ್ನು (ಎಚ್‌ಐವಿ ಚಿಕಿತ್ಸೆಯ ಹೆಸರೇ ಎಆರ್‌ಟಿ) ಅವುಗಳಿಗಿಂತ 2 ಗಂಟೆ ಮುಂಚೆ ಅಥವಾ 6 ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು. ಎಚ್‌ಐವಿ ಮಾತ್ರೆ ರಾತ್ರಿ, ಕಬ್ಬಿಣಾಂಶದ್ದು ಮಧ್ಯಾಹ್ನ ಎಂದು ಹಂಚಿಬಿಟ್ಟರೆ ಗಡಿಯಾರ ನೋಡುವ ತಾಪತ್ರಯವೇ ಇಲ್ಲ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಬೇಕು. ಮರುದಿನದ ಹೊತ್ತೇ ಬಂದಿದ್ದರೆ ಒಂದೇ ಸಾಕು, ಎರಡು ನುಂಗಬಾರದು.

ಮಾತ್ರೆ ತರುವುದು, ಇಡುವುದು

ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳಿವೆ, ಅಲ್ಲಿ ಮುಖ್ಯವಾಗಿ ಮಾತ್ರೆ ಸಿಗುತ್ತದೆ. ಹತ್ತಿರದ ಕೇಂದ್ರವೇ ಒಳ್ಳೆಯದು ಎಂದು ನಿಮಗೆ ಅನ್ನಿಸುತ್ತದೆ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಅವರ ಊರಿನವರೇ ಆಗಿರಬಹುದು. ಮಧುಗಿರಿಯವರು ತುಮಕೂರಿಗೆ, ತುಮಕೂರಿನವರು ಬೆಂಗಳೂರಿಗೆ ಹೋಗುವುದು ಇದಕ್ಕೇ. ಅದು ಅವರ ಹಕ್ಕು, ಬೈಯಬೇಡಿ. ಆದರೆ ದೂರ ಹೆಚ್ಚಾದಷ್ಟೂ ಮಾತ್ರೆ ತಪ್ಪುತ್ತದೆ ಎಂಬುದನ್ನೂ ಹೇಳಿ. ಪಾವಗಡದಿಂದ ತುಮಕೂರಿಗೆ 100 ಕಿಲೋಮೀಟರ್ ಹತ್ತಿರ. ಕೂಲಿ ಒಂದು ದಿನದ್ದು ಹೋಗುತ್ತದೆ. ಸರಿಯಾಗಿ ನುಂಗುತ್ತಿರುವವರಿಗೆ ಒಂದೇ ಸಲಕ್ಕೆ 3 ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ, ಅದನ್ನು ಕೇಳಿ ಪಡೆಯಲು ಹೇಳಿ. ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಬಸ್ ಖರ್ಚು ಉಳಿಯುತ್ತದೆ, ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸಿಗಲ್ಲ. ಗಂಡಸರಿಗೆ ಬಸ್ ಚಾರ್ಜ್ ನೀವು ಕೊಡುವುದಾದರೆ, ಆ ದುಡ್ಡು ದೊಡ್ಡ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾತ್ರೆ ಡಬ್ಬಿಯದು ಇನ್ನೊಂದು ಕಥೆ. 30 ಗುಳಿಗೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ ಬ್ಯಾಗಿನಲ್ಲಿ ನಡೆದಾಗೊಮ್ಮೆ ಗಲಗಲ ಅನ್ನುತ್ತದೆ. ತುಂಬಿದ ಬಸ್ಸಿನಲ್ಲಿ ಆ ಸದ್ದು ಕೇಳಿಸುವುದು ಅವರೊಬ್ಬರಿಗೇ, ಆದರೆ ಎಲ್ಲರಿಗೂ ಕೇಳಿಸಿತು ಅನ್ನಿಸುತ್ತದೆ. ಇದೊಂದೇ ಕಾರಣಕ್ಕೆ ಮದುವೆಮನೆಗೆ, ತವರಿಗೆ ಹೋಗುವಾಗ ಮಾತ್ರೆ ಬಿಟ್ಟುಹೋಗುವವರುಂಟು. ಮುಚ್ಚಳ ತೆಗೆದು ಮೇಲೆ ಒಣ ಹತ್ತಿಯ ಉಂಡೆ ಒತ್ತಿಟ್ಟರೆ ಸದ್ದು ನಿಲ್ಲುತ್ತದೆ. ಒಳಗಿರುವ ಸಣ್ಣ ಸಿಲಿಕಾ ಪೊಟ್ಟಣ ತೆಗೆಯಬೇಡಿ, ತೇವ ಹೀರುವುದು ಅದೇ. ಎರಡು ಮೂರು ದಿನದ ಪ್ರಯಾಣಕ್ಕೆ ಲೆಕ್ಕದ ಮಾತ್ರೆಯನ್ನು ಒಣಗಿದ ಚಿಕ್ಕ ಡಬ್ಬಿಗೆ ಹಾಕಿಕೊಳ್ಳಬಹುದು. ಲೇಬಲ್ ಕಿತ್ತು ಅಲ್ಲೇ ಆಸ್ಪತ್ರೆಯ ಕಸದ ಬುಟ್ಟಿಗೆ ಹಾಕಿ ಬರುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಅವಧಿ ಮುಗಿಯುವ ತಾರೀಖನ್ನು ಮೊದಲು ಬರೆದುಕೊಳ್ಳಬೇಕು.

ಕೇಂದ್ರದಲ್ಲಿ ಫೋನ್ ನಂಬರ್ ಕೊಡುವಾಗ ಮನೆಯವರೆಲ್ಲ ಎತ್ತುವ ಫೋನಿನದನ್ನು ಕೊಡಬಾರದು. ಮಾತ್ರೆಗೆ ಬರದಿದ್ದರೆ ಅಲ್ಲಿಂದ ಕರೆ ಬರುತ್ತದೆ. ಮನೆಗೆ ಕಾರ್ಯಕರ್ತರು ಬರುವುದು ಬೇಡವಾದರೆ ‘ಮನೆಗೆ ಬರಬೇಡಿ, ಫೋನ್ ಮಾಡಿ, ನಾನೇ ಬರ್ತೀನಿ’ ಎಂದು ಮೊದಲೇ ಬರೆಸಿಡಬಹುದು. ಇನ್ನು ರಿಪೋರ್ಟಿನ ಫೋಟೊ ತೆಗೆದು ‘ಗೊತ್ತಿರೋ ಡಾಕ್ಟ್ರಿಗೆ ತೋರಿಸ್ತೀನಿ’ ಎಂದು ವಾಟ್ಸಾಪಿನಲ್ಲಿ ಕಳಿಸುವ ಕೆಲಸಕ್ಕೆ ನೀವು ಕೈ ಹಾಕಲೇಬೇಡಿ. ಈಚೆಗೆ ಸುದ್ದಿ ಸೋರುವ ದಾರಿಗಳಲ್ಲಿ ಇದೇ ಹೆದ್ದಾರಿ.

ಮನೆಯೊಳಗೆ

ಬೇರೆ ತಟ್ಟೆ, ಬೇರೆ ಲೋಟ, ಬಟ್ಟೆ ಬೇರೆ ಬಕೆಟ್ಟಿಗೆ, ಮಲಗಲು ಜಗಲಿ. ತಾರತಮ್ಯ ಶುರುವಾಗುವುದು ಇಲ್ಲಿಂದ. ಮನೆಯವರಿಗೆ ವಿಷಯ ಗೊತ್ತಿದ್ದು, ಸೋಂಕಿರುವವರೂ ಒಪ್ಪಿದ್ದರೆ ಮಾತ್ರ ನೀವು ಬಾಯಿ ಹಾಕಬಹುದು. ಆಗಲೂ ಪಾಠ ಮಾಡಿದರೆ ಯಾರೂ ಕೇಳುವುದಿಲ್ಲ. ಊಟದ ಹೊತ್ತಿಗೆ ಹೋಗಿ, ಅವರ ಪಕ್ಕ ಕೂತು, ಅವರ ಕೈಯಿಂದಲೇ ಸಾರು ಬಡಿಸಿಕೊಂಡು ಉಣ್ಣಿ. ಎರಡು ಮೂರು ಸಲ ಹೀಗಾದರೆ ಮನೆಯ ಮಕ್ಕಳು ಮೊದಲು ಪಕ್ಕ ಬಂದು ಕೂರುತ್ತವೆ. ಹಿರಿಯರಿಗೆ ಹೇಳುವುದಿದ್ದರೆ ಐಸಿಟಿಸಿಗೆ ಕರೆದುಕೊಂಡು ಹೋಗಿ ಆಪ್ತ ಸಮಾಲೋಚಕರ ಬಾಯಲ್ಲಿ ಹೇಳಿಸಿ. ಸೊಸೆ ಹೇಳಿದರೆ ಎದುರುವಾದ, ಆಸ್ಪತ್ರೆಯವರು ಹೇಳಿದರೆ ಸಲಹೆ.

ಭಯ ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದೂ ಬೇಡ. ನಿಜವಾಗಿ ಜಾಗ್ರತೆ ಬೇಕಾದ ಕಡೆ ಏನು ಮಾಡಬೇಕು ಎಂದು ಹೇಳಿದರೆ ಉಳಿದ ಕಡೆ ಭಯ ಇಳಿಯುತ್ತದೆ. ಬ್ಲೇಡು, ರೇಜರ್, ಹಲ್ಲುಜ್ಜುವ ಬ್ರಶ್ ಯಾರದ್ದು ಅವರದ್ದು. ರಕ್ತ ಚೆಲ್ಲಿದರೆ ಕೈಗವಸು ಅಥವಾ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಆ ಜಾಗಕ್ಕೆ ಹಾಕಿ 10 ನಿಮಿಷ ಬಿಟ್ಟು ತೊಳೆಯುವುದು. ಪೌಡರ್ ಹೊಸದಾಗಿರಬೇಕು. ಬಾಯಿ ತೆರೆದಿಟ್ಟ ಹಳೇ ಪೊಟ್ಟಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಈ ಜಾಗ್ರತೆ ಯಾರ ರಕ್ತಕ್ಕಾದರೂ ಒಂದೇ. ಕಾಮಾಲೆ ತರುವ ಹೆಪಟೈಟಿಸ್ ಬಿ ಇದಕ್ಕಿಂತ ಸಲೀಸಾಗಿ ಹರಡುತ್ತದೆ.

ಆಸ್ಪತ್ರೆ

ಅತಿ ಹೆಚ್ಚು ನೋವು ಕೊಡುವ ಜಾಗ ಇದು, ಏಕೆಂದರೆ ಇಲ್ಲಿ ‘ಇಲ್ಲ’ ಎನ್ನುವವರು ಓದಿದವರು. ‘ನಿಮಗೆ ಎಚ್‌ಐವಿ ಇದೆ, ಮಾಡಲ್ಲ’ ಎಂದು ಯಾರೂ ನೇರ ಹೇಳುವುದಿಲ್ಲ. ‘ಇವತ್ತು ಓಟಿ ಖಾಲಿ ಇಲ್ಲ’, ‘ಬೆಂಗಳೂರಿಗೆ ಕರ್ಕೊಂಡು ಹೋದ್ರೆ ಒಳ್ಳೇದು’, ‘ನಮ್ಮಲ್ಲಿ ಆ ಸೌಲಭ್ಯ ಇಲ್ಲ’. ರಕ್ತದ ರಿಪೋರ್ಟ್ ಬರುವವರೆಗೆ ಇದ್ದ ಸೌಲಭ್ಯ ರಿಪೋರ್ಟ್ ಬಂದ ಮೇಲೆ ಇಲ್ಲವಾಗಿದ್ದರೆ ಅದು ನಿರಾಕರಣೆ.

ಹೋಗುವ ಮುಂಚೆ ಮಾಡಬೇಕಾದ್ದು: ಹರ್ನಿಯ, ಗರ್ಭಕೋಶ, ಹಲ್ಲು, ಕಣ್ಣಿನ ಪೊರೆ, ಏನೇ ಆಪರೇಷನ್ ಇರಲಿ, ಎಆರ್‌ಟಿ ಕೇಂದ್ರದ ವೈದ್ಯರ ಹತ್ತಿರ ಸರ್ಜನ್ನರಿಗೆ ಒಂದು ರೆಫರಲ್ ಪತ್ರ ಬರೆಸಿಕೊಳ್ಳಿ. ಕೊನೆಯ ವೈರಲ್ ಲೋಡ್ ರಿಪೋರ್ಟಿನ ಜೆರಾಕ್ಸ್ ಜೊತೆಗಿಡಿ. ನೋಡುವ ಡಾಕ್ಟರಿಗೆ ಹೇಳುವುದೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ, ಔಷಧಿಗೂ ಔಷಧಿಗೂ ಹೊಂದಬೇಕಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಕ್ಷಯದ ರಿಫಾಂಪಿಸಿನ್ ಇವುಗಳ ಜೊತೆಗೆ ಡೊಲುಟೆಗ್ರಾವಿರ್ ನುಂಗುತ್ತಿದ್ದರೆ ಪ್ರಮಾಣದ ಲೆಕ್ಕ ಬದಲಾಗುತ್ತದೆ. ಆದರೆ ಹೇಳುವುದು ಕೋಣೆಯೊಳಗೆ, ಡಾಕ್ಟರಿಗೆ ಮಾತ್ರ. ಚೀಟಿ ಕೌಂಟರಿನಲ್ಲಿ ‘ಏನು ತೊಂದ್ರೆ?’ ಎಂದರೆ ‘ಹೊಟ್ಟೆನೋವು’ ಅಷ್ಟೇ.

ಕೇಳದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಎಚ್‌ಐವಿ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಒಪ್ಪಿಗೆ ಬೇಕು, ಪರೀಕ್ಷೆಗೆ ಮುಂಚೆ ಮತ್ತು ನಂತರ ಸಮಾಲೋಚನೆ ಬೇಕು. ‘ಆಪರೇಷನ್ ಪ್ರೊಫೈಲ್’ ಎಂಬ ಹೆಸರಿನಲ್ಲಿ ಹತ್ತು ಪರೀಕ್ಷೆಯ ನಡುವೆ ಇದನ್ನೂ ಸೇರಿಸಿರುತ್ತಾರೆ. ಸಹಿ ಹಾಕುವ ಮುನ್ನ ಪಟ್ಟಿ ಓದಿಸಿಕೊಳ್ಳಿ.

ನಿರಾಕರಿಸಿದರೆ ಜಗಳ ಬೇಡ, ಒಂದೇ ವಾಕ್ಯ ಸಾಕು: ‘ಆಗಲಿ ಸಾರ್, ಯಾಕೆ ಆಗಲ್ಲ ಅಂತ ಇದೇ ಚೀಟಿ ಮೇಲೆ ಬರೆದು ಸೀಲ್ ಹಾಕಿ ಕೊಡಿ.’ ಬಹಳ ಸಲ ಕೆಲಸ ಇಲ್ಲಿಗೇ ಸುಗಮವಾಗುತ್ತದೆ. ಬರೆದುಕೊಟ್ಟರೆ ಅದೇ ದಾಖಲೆ. ಬರೆಯಲೂ ಒಪ್ಪದಿದ್ದರೆ ಹೊರಗೆ ಬಂದು ಆಗಲೇ ನಿಮ್ಮ ಫೋನಿನಲ್ಲಿ ತಾರೀಖು, ಗಂಟೆ, ಕೋಣೆ, ಯಾರು ಯಾವ ಮಾತು ಹೇಳಿದರು ಎಂದು ಅವರದೇ ಪದಗಳಲ್ಲಿ ಬರೆದಿಡಿ. ಸಂಜೆಗೆ ಬರೆದರೆ ಪದ ಬದಲಾಗಿರುತ್ತವೆ. ಆಮೇಲೆ ಎಆರ್‌ಟಿ ಕೇಂದ್ರದ ವೈದ್ಯರಿಗೆ ಇಲ್ಲವೇ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ (ಎಲ್ಲರೂ ಡ್ಯಾಪ್ಕು ಎನ್ನುತ್ತಾರೆ) ಫೋನ್ ಮಾಡಿ. ಡಾಕ್ಟರು ಡಾಕ್ಟರಿಗೆ ಮಾತಾಡಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯಕ್ಕೆ ನೀವು ಆರು ತಿಂಗಳು ಓಡಾಡುವುದು ಬೇಡ. 20 ಅಥವಾ ಹೆಚ್ಚು ಜನರಿರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು ಎಂದು ಸೆಕ್ಷನ್ 21 ಹೇಳುತ್ತದೆ, ಯಾರೆಂದು ಕೇಳಿ.

ಹೆರಿಗೆ ನೋವು, ಅಪಘಾತ ಇಂಥ ತುರ್ತು ಇದ್ದರೆ ಲೆಕ್ಕ ಬೇರೆ. ಅಲ್ಲಿ ನಿಂತು ಕಾಯ್ದೆ ಹೇಳುತ್ತಾ ಹೊತ್ತು ಕಳೆಯಬೇಡಿ. 108 ಕರೆಸಿ ಜಿಲ್ಲಾಸ್ಪತ್ರೆಗೆ ಸಾಗಿಸಿ, ಲೆಕ್ಕ ಆಮೇಲೆ ಕೇಳಿ. ಬಸುರಿಯ ವಿಷಯದಲ್ಲಿ ಏಳನೇ ತಿಂಗಳಿಗೇ ಎಲ್ಲಿ ಹೆರಿಗೆ ಎಂದು ಗೊತ್ತುಮಾಡಿ, ಮಗುವಿಗೆ ಹುಟ್ಟಿದ ಕೂಡಲೇ ಕೊಡುವ ಔಷಧಿ ಅಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮಗುವಿನ ಮೊದಲ ಪರೀಕ್ಷೆ 6 ವಾರಕ್ಕೆ.

‘ಎಚ್‌ಐವಿ ಕಿಟ್’ ಎಂದು ಬಿಲ್ಲಿನಲ್ಲಿ ಹೆಚ್ಚುವರಿ ಹಾಕಿದರೆ ಬಾಬ್ತುವಾರು ಬಿಲ್ ಕೇಳಿ. ಗ್ಲೌಸ್, ಮಾಸ್ಕ್, ಸೂಜಿ ಎಲ್ಲ ರೋಗಿಗೂ ಬಳಸುವಂಥದ್ದೇ. ಮಂಚಕ್ಕೆ ಬೋರ್ಡ್ ತಗುಲಿಸಿದ್ದರೆ, ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದರೆ, ರೋಗಿಯ ಮುಖ ಬೀಳದಂತೆ ಒಂದು ಫೋಟೊ ತೆಗೆದು, ಆಮೇಲೆ ತೆಗೆಸಲು ಹೇಳಿ. ಮೊದಲು ತೆಗೆಸಿಬಿಟ್ಟರೆ ಸಾಕ್ಷಿ ಹೋಯಿತು.

ನರ್ಸ್, ಆಯಾ ಹೆದರುವುದೂ ಸುಳ್ಳಲ್ಲ. ಸೂಜಿ ಚುಚ್ಚಿಕೊಂಡರೆ ಏನು ಗತಿ ಎಂಬುದು ಅವರ ಭಯ. ಚಿಕಿತ್ಸೆ ಇಲ್ಲದವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಶೇ 0.3ರಷ್ಟು. ಅದಕ್ಕೂ ಮದ್ದಿದೆ: ಸಾಧ್ಯವಾದರೆ 2 ಗಂಟೆಯೊಳಗೆ, ಏನಾದರೂ 72 ಗಂಟೆ ಮೀರದಂತೆ ಶುರು ಮಾಡಿ 28 ದಿನ ನುಂಗುವ ಮಾತ್ರೆ. ಇದನ್ನು ಸಮಾಧಾನವಾಗಿ ಹೇಳಿದಾಗ ಮುಖ ಸಡಿಲವಾಗುತ್ತದೆ.

ಕೆಲಸ

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆಯ ಫ್ಯಾಕ್ಟರಿಗಳಿರಲಿ, ಗಾರ್ಮೆಂಟ್ಸ್ ಇರಲಿ, ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುವಂತಿಲ್ಲ. ಸ್ಥಿತಿ ಏನೆಂದು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 100 ಅಥವಾ ಹೆಚ್ಚು ಜನರಿರುವ ಕಡೆ ಇಲ್ಲೂ ದೂರು ಅಧಿಕಾರಿ ಇರಬೇಕು.

ಎಆರ್‌ಟಿಗೆ ಹೋದ ದಿನದ ರಜೆಗೆ ಸರ್ಟಿಫಿಕೇಟ್ ಬೇಕಾದರೆ ‘ಹೊರರೋಗಿ ವಿಭಾಗಕ್ಕೆ ಬಂದಿದ್ದರು’ ಎಂದಷ್ಟೇ ಬರೆಸಿ. ಎಆರ್‌ಟಿ ಸೀಲ್ ಬೇಡ, ಆಸ್ಪತ್ರೆಯ ಸೀಲ್ ಇರಲಿ.

ವಿಷಯ ಸೋರಿದ ಮೇಲೆ ಸಾಮಾನ್ಯವಾಗಿ ಯಾರೂ ‘ತೆಗೆದುಹಾಕಿದ್ದೇವೆ’ ಎಂದು ಪತ್ರ ಕೊಡುವುದಿಲ್ಲ. ಆಫೀಸಿಗೆ ಕರೆದು, ನೀರು ಕೊಟ್ಟು, ‘ನಿನ್ನ ಒಳ್ಳೇದಕ್ಕೇ ಹೇಳ್ತಿದೀವಮ್ಮ, ರಾಜೀನಾಮೆ ಬರ್ಕೊಟ್ಬಿಡು, ಸೆಟ್ಲ್‌ಮೆಂಟ್ ಬೇಗ ಆಗುತ್ತೆ’ ಎನ್ನುತ್ತಾರೆ. ಅಲ್ಲಿ ಸಹಿ ಹಾಕಿದರೆ ಕೇಸ್ ನಿಲ್ಲುವುದು ಕಷ್ಟ. ಕಾಗದದ ಮೇಲೆ ಅವರೇ ಬಿಟ್ಟುಹೋದ ಹಾಗಾಯಿತು. ‘ಮನೇಲಿ ಕೇಳಿ ಹೇಳ್ತೀನಿ ಸಾರ್’ ಎಂದು ಎದ್ದುಬರಲು ಮೊದಲೇ ಹೇಳಿಕೊಟ್ಟಿರಿ. ಮರುದಿನ ಎಂದಿನಂತೆ ಹೋಗಿ ಹಾಜರಿ ಹಾಕಲು ಯತ್ನಿಸಬೇಕು. ಗೇಟಿನಲ್ಲೇ ತಡೆದರೆ ಆ ಹೊತ್ತು ಬರೆದಿಡಬೇಕು.

ಶಾಲೆಯ ವಿಷಯ ಚಿಕ್ಕದು. ಮಗುವಿನ ಮಾತ್ರೆ ಮನೆಯಲ್ಲೇ ಮುಗಿಯುವಂಥದ್ದಾದರೆ ಶಾಲೆಗೂ ಅಂಗನವಾಡಿಗೂ ಹೇಳುವ ಅಗತ್ಯವೇ ಇಲ್ಲ. ಗೊತ್ತಾಗಿ ಬಿಸಿಯೂಟಕ್ಕೆ ಬೇರೆ ಕೂರಿಸಿದರೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಬರೆಯಿರಿ, ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ.

ಗಂಡ ತೀರಿಕೊಂಡ ಮೇಲೆ

‘ಇವಳಿಂದಲೇ ಬಂತು’ ಎಂದು ಸೊಸೆಯನ್ನು ತವರಿಗೆ ಅಟ್ಟುವುದರ ಹಿಂದೆ ಬಹಳ ಸಲ ಇರುವುದು ವೈರಸ್ ಭಯವಲ್ಲ, ಎರಡೆಕರೆ ತೆಂಗಿನ ತೋಟ. ‘ಸ್ವಲ್ಪ ದಿನ ತವರಲ್ಲಿ ಇದ್ದು ಬಾ’ ಎಂದರೆ ಹೋಗದಿರುವುದೇ ಉತ್ತಮ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ ಮಾತು. ವಾಸದ ಮನೆಯಿಂದ ಹೊರಹಾಕುವಂತಿಲ್ಲ ಎಂದು ಸೆಕ್ಷನ್ 29 ಹೇಳುತ್ತದೆ. ಹೊಡೆತ, ಬೈಗುಳ ಇದ್ದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಬಹುದು, ಮಹಿಳಾ ಸಹಾಯವಾಣಿ 181.

ಕಾಗದ ಮೊದಲು ಕೈಗೆ ಬರಲಿ: ಮರಣ ಪ್ರಮಾಣಪತ್ರ, ಪಹಣಿ, ರೇಷನ್ ಕಾರ್ಡ್, ಇಬ್ಬರ ಆಧಾರ್, ಮದುವೆ ಫೋಟೊ. ನಾಡಕಚೇರಿಯಲ್ಲಿ ವಂಶವೃಕ್ಷ, ಆಮೇಲೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ. ಇಲ್ಲೊಂದು ಸಮಾಧಾನದ ವಿಷಯ: ಜನನ ಮರಣ ನೋಂದಣಿ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ನಮೂದಿಸುವಂತಿಲ್ಲ. ಆದ್ದರಿಂದ ಅದನ್ನು ಎಲ್ಲಿ ಬೇಕಾದರೂ ಕೊಡಬಹುದು. ಕೊಡಬಾರದ್ದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ‘ಎಲ್ಲಾ ಇರಲಿ’ ಎಂದು ಕಾಗದದ ಕಟ್ಟನ್ನೇ ಮೇಜಿನ ಮೇಲಿಡುವಾಗ ಅದೂ ಜೊತೆಗೆ ಹೋಗಿಬಿಡುತ್ತದೆ.

ಸರ್ಕಾರಿ ಸಹಾಯಕ್ಕೂ ಇದೇ ಅಳತೆ. ವಿಧವಾ ವೇತನ, ಗೃಹಲಕ್ಷ್ಮಿಗೆ ಎಚ್‌ಐವಿ ವಿಷಯ ಎತ್ತುವ ಅಗತ್ಯವಿಲ್ಲ, ಅವನ್ನು ಮೊದಲು ಮಾಡಿಸಿ. ಸೋಂಕಿತ ಮಹಿಳೆಯರಿಗೇ ಇರುವ ಧನಶ್ರೀಯಂಥ ಯೋಜನೆಗೆ ಅರ್ಜಿ ಹಾಕುವ ಮುನ್ನ ಅದು ಯಾರ್ಯಾರ ಮೇಜು ದಾಟುತ್ತದೆ ಎಂದು ಕೇಳಿ, ಅವರಿಗೆ ವಿವರಿಸಿ, ತೀರ್ಮಾನ ಅವರಿಗೇ ಬಿಡಿ.

ದೂರು ಬರೆಯುವುದು

ಮೊದಲು ಅವರ ಒಪ್ಪಿಗೆ. ದೂರು ಬೇಡ ಎಂದರೆ ಬೇಡ, ನಿಮ್ಮ ಸಿಟ್ಟು ನಿಮ್ಮಲ್ಲಿರಲಿ. ಹೂಂ ಎಂದರೆ ವಾರದೊಳಗೆ ಬರೆಯಿರಿ, ತಡವಾದಷ್ಟೂ ಸಾಕ್ಷಿಗಳ ನೆನಪು ಮಾಸುತ್ತದೆ.

ಯಾರಿಗೆ ಎಂಬುದು ಮುಖ್ಯ. ಸಂಸ್ಥೆಯೊಳಗಿನ ದೂರು ಅಧಿಕಾರಿಗೆ ಒಂದು ಪ್ರತಿ. ತಾರತಮ್ಯ ಮತ್ತು ಚಿಕಿತ್ಸೆ ನಿರಾಕರಣೆಗೆ ಇಂಥ ದೂರು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್‌ಗೆ. ಈಗಿನ ವಿಳಾಸ ಡ್ಯಾಪ್ಕುವಿನಲ್ಲಿ ಕೇಳಿ ಬರೆದುಕೊಳ್ಳಿ. ಅವರು 30 ದಿನದೊಳಗೆ ಆದೇಶ ಕೊಡಬೇಕು, ವೈದ್ಯಕೀಯ ತುರ್ತಾದರೆ ಸಾಧ್ಯವಾದಷ್ಟು 24 ಗಂಟೆಯೊಳಗೆ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೂ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿ ಮೂಲಕ. ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಿ ದ್ವೇಷ ಹರಡಿದ್ದರೆ ಅದು ಎಚ್‌ಐವಿ ಕಾಯ್ದೆಯ ಸೆಕ್ಷನ್ 4ರ ಉಲ್ಲಂಘನೆ, 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇರುವ ಅಪರಾಧ. ಅದಕ್ಕೆ ಪೊಲೀಸ್ ಠಾಣೆ. ಸ್ಕ್ರೀನ್‌ಶಾಟಿನಲ್ಲಿ ಕಳಿಸಿದವರ ನಂಬರ್, ತಾರೀಖು, ಸಮಯ ಕಾಣಬೇಕು. ವಕೀಲರು ಬೇಕಾದರೆ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಾದರೆ ಸೇವಾ ಸಮಿತಿ, ಫೋನಿಗೆ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಕೋರ್ಟಿಗೆ ಹೋದರೆ ಹೆಸರು ಮರೆಸಿ ಬೇರೆ ಹೆಸರಿನಲ್ಲಿ ಕೇಸ್ ನಡೆಸಲು ಸೆಕ್ಷನ್ 34ರಲ್ಲಿ ಅವಕಾಶವಿದೆ. ವಕೀಲರಿಗೆ ಮೊದಲ ದಿನವೇ ಇದನ್ನು ನೆನಪಿಸಿ, ಒಮ್ಮೆ ಹೆಸರು ದಾಖಲಾದ ಮೇಲೆ ಅಳಿಸುವುದು ಕಷ್ಟ.

ದೂರು ಒಂದು ಪುಟ ಮೀರದಿರಲಿ. ಹೀಗೆ ಬರೆಯಬಹುದು:

‘ಮಾನ್ಯರೇ, ದಿನಾಂಕ __ ರಂದು ಬೆಳಿಗ್ಗೆ __ ಗಂಟೆಗೆ __ ಆಸ್ಪತ್ರೆಯಲ್ಲಿ __ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದೆ. ರಕ್ತಪರೀಕ್ಷೆಯ ವರದಿ ಬಂದ ನಂತರ __ ರವರು “__” ಎಂದು ಹೇಳಿ ಚಿಕಿತ್ಸೆ ನಿರಾಕರಿಸಿದರು. ಲಿಖಿತ ಕಾರಣ ಕೇಳಿದಾಗ ಕೊಡಲಿಲ್ಲ. ಸ್ಥಳದಲ್ಲಿ __ ರವರು ಇದ್ದರು. ಇದು 2017ರ ಕಾಯ್ದೆಯ ಸೆಕ್ಷನ್ 3ರ ಉಲ್ಲಂಘನೆ. ನನಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಡಬೇಕೆಂದೂ, ನನ್ನ ಗುರುತನ್ನು ಗೌಪ್ಯವಾಗಿಡಬೇಕೆಂದೂ ಕೋರುತ್ತೇನೆ.’

ಏನು ಬೇಕು ಎಂಬುದು ಕೊನೆಯ ಸಾಲಿನಲ್ಲಿ ಇರಲೇಬೇಕು. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಮುಗಿಸಿದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಉತ್ತರವೇ ಬರುತ್ತದೆ.

ಈಗ ನಾಜೂಕಿನ ಭಾಗ. ತಪಾಲು ವಿಭಾಗದಲ್ಲಿ ಕಾಗದ ತೆರೆದು ಓದುವುದು ಅಧಿಕಾರಿಯಲ್ಲ, ಗುಮಾಸ್ತರು. ಅವರ ಪಕ್ಕ ಟೀ ಕುಡಿಯುತ್ತಾ ಕೂತವರು ನಿಮ್ಮ ಹೋಬಳಿಯವರೇ ಇರಬಹುದು. ಆದ್ದರಿಂದ ದೂರನ್ನು ಒಳಗಿನ ಕವರಿಗೆ ಹಾಕಿ ಅಂಟಿಸಿ, ಮೇಲೆ ‘ಗೌಪ್ಯ: ಅಧಿಕಾರಿಗಳೇ ತೆರೆಯುವುದು’ ಎಂದು ಬರೆಯಿರಿ. ಜೊತೆಗೆ ಒಂದು ಹೊರಪತ್ರ: ‘2017ರ ಕೇಂದ್ರ ಕಾಯ್ದೆ ಸಂಖ್ಯೆ 16ರಡಿ ದೂರು ಲಗತ್ತಿಸಿದೆ.’ ಅಷ್ಟೇ, ಎಚ್‌ಐವಿ ಎಂಬ ಅಕ್ಷರವೇ ಬೇಡ. ಆ ಸಂಖ್ಯೆ ಯಾವ ಕಾಯ್ದೆಯದೆಂದು ಅಧಿಕಾರಿ ನೋಡಿಕೊಳ್ಳುತ್ತಾರೆ. ಇನ್‌ವರ್ಡ್ ನಂಬರ್, ಸೀಲ್, ತಾರೀಖನ್ನು ಹೊರಪತ್ರದ ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿ.

ಸೀಲ್ ಬಿದ್ದ ದಿನದಿಂದ 30 ಎಣಿಸಿ. ಹದಿನೈದನೇ ದಿನ ಒಮ್ಮೆ ಹೋಗಿ ಇನ್‌ವರ್ಡ್ ನಂಬರ್ ಹೇಳಿ ಕಡತ ಎಲ್ಲಿದೆ ಕೇಳಿ, ಹೆಸರು ಹೇಳಬೇಡಿ. ಆದೇಶ ಬಂದ ಮೇಲೂ ಪಾಲಿಸದಿದ್ದರೆ 10,000 ರೂಪಾಯಿವರೆಗೆ ದಂಡ, ಮುಂದುವರಿದರೆ ದಿನಕ್ಕೆ 5,000ದವರೆಗೆ ಇನ್ನೂ ಸೇರುತ್ತದೆ. ಅದನ್ನು ಕೇಳಲು ಆದೇಶ ಕೈಗೆ ಬಂದ ತಾರೀಖು ಬೇಕಾಗುತ್ತದೆ. ಈ ತಾರೀಖುಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೀ ಸುತ್ತು ಹಾಕಿ ಗುರುತಿಡಿ, ನಿಮ್ಮ ಮನೆಯದರಲ್ಲಿ, ಅವರ ಮನೆಯದರಲ್ಲಿ ಅಲ್ಲ.